ಎಲೆಗಳನ್ನು ಒಣಗಿಸಿಡುವ ಕ್ರಮ

ಮುಂಬಯಿಯ ನಮ್ಮ ಮನೆಗಳಿಗೆ ಅಂಗಳವೆಂಬುದು ಅಪರೂಪ. ಆದರೂ ಕಿಟಕಿಯ ಬಳಿಯಲ್ಲಿಯೋ ಗ್ಯಾಲರಿಯ ಮೂಲೆಯಲ್ಲಿಯೋ ಎರಡು ಮೂರು ಕುಂಡಗಳಿಗೆ ಸ್ಥಳ ದೊರೆಯದೆ ಇರದು. ಅವುಗಳಲ್ಲಿ ತುಳಸಿ, ಪುದೀನ, ಮಜ್ಜಿಗೆಹುಲ್ಲು ಚೆನ್ನಾಗಿ ಬೆಳೆಯುತ್ತವೆ. ಮಜ್ಜಿಗೆಹುಲ್ಲನ್ನೇ ಇಲ್ಲಿನ ಪೇಟೆಯಲ್ಲಿ ‘ಗವತಿ ಚಹಾ’ ಎಂದು ಮಾರುವರು. ಈ ಎಲೆಗಳನ್ನು ಬೇಸಗೆಯಲ್ಲಿ ಒಣಗಿಸಿಟ್ಟುಕೊಂಡರೆ, ನೆಗಡಿ ಕೆಮ್ಮುಗಳ ಮಳೆಗಾಲದಲ್ಲಿ ಕಷಾಯಕ್ಕೆ ಒದಗುವುವು. ಊರಿನಲ್ಲಿ ನಮ್ಮ ಅಜ್ಜಿಯಂದಿರು ಮಳೆಗೆ ಮುಂಚೆಯೇ ಹಪ್ಪಳ ಸಂಡಿಗೆಗಳನ್ನು ಒಣಗಿಸಿ ಡಬ್ಬಿ ತುಂಬುವುದೂ ಇಂತಹ ಮುಂದಾಲೋಚನೆಯಿಂದಲೇ.

ಆದರೆ ಹಪ್ಪಳಕ್ಕೆ ಹಿತವಾದ ಬಿಸಿಲು ಎಲೆಗೆ ಹಿತವಲ್ಲ. ಇದಕ್ಕೆ ಕಾರಣವೇನು? ಹಸಿ ಎಲೆಯ ತೂಕದಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ ಇರುತ್ತದೆ. ಬೂಷ್ಟೂ ಕೊಳೆಸುವ ಸೂಕ್ಷ್ಮಜೀವಿಗಳೂ ಈ ನೀರನ್ನಾಶ್ರಯಿಸಿಯೇ ಬೆಳೆಯುವುವು. ನೀರು ನೂರಕ್ಕೆ 10 ಭಾಗದಷ್ಟಕ್ಕೆ ಇಳಿದರೆ ಅವುಗಳ ಆಟ ನಡೆಯದು. ಎಲೆಯ ಪರಿಮಳವಾದರೋ ಅದರಲ್ಲಿ ಅಡಗಿರುವ ಒಂದು ಬಗೆಯ ತೈಲದಿಂದ ಬರುವಂಥದು. ಈ ತೈಲವು ಬೇಗನೆ ಆವಿಯಾಗುವ ಸ್ವಭಾವದ್ದು. ಬಿರುಬಿಸಿಲಿನಲ್ಲಿಟ್ಟರೆ ನೀರಿನೊಡನೆ ತೈಲವೂ ಹಾರಿಹೋಗಿ, ಹಸಿರು ಬಣ್ಣವೂ ಮಾಸಿ, ಕಡೆಗೆ ಬರಿಯ ತರಗೆಲೆ ಉಳಿಯುತ್ತದೆ. ನೀರನ್ನು ಕಳೆದು ತೈಲವನ್ನು ಉಳಿಸಿಕೊಳ್ಳುವುದೇ ಈ ಕೆಲಸದ ಗುಟ್ಟು. ಅದಕ್ಕೆ ನೆರಳೂ ಚೆನ್ನಾಗಿ ಆಡುವ ಗಾಳಿಯೂ ಬೇಕು.

ತುಳಸಿ ಪುದೀನಗಳನ್ನು ಹೂ ಬಿಡುವ ಮೊದಲೇ, ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಬೇಕು. ತೊಳೆದು, ಬಟ್ಟೆಯಿಂದ ನೀರೊರೆಸಿ, ಕಡ್ಡಿಸಹಿತ ಸಣ್ಣ ಕಟ್ಟುಗಳಾಗಿ ಕಟ್ಟಿ ತಲೆಕೆಳಗಾಗಿ ತೂಗುಹಾಕಬೇಕು. ಕಟ್ಟು ದಪ್ಪವಾದರೆ ನಡುವೆ ಗಾಳಿ ಹೊಗದೆ ಎಲೆ ಕಪ್ಪಾಗುತ್ತದೆ. ಮಜ್ಜಿಗೆಹುಲ್ಲನ್ನು ಬೆರಳುದ್ದಕ್ಕೆ ಕತ್ತರಿಸಿ ಮೊರದಲ್ಲಿ ತೆಳುವಾಗಿ ಹರಡಿ, ದಿನಕ್ಕೊಮ್ಮೆ ಮೊಗಚಬೇಕು. ದೊಡ್ಡಪತ್ರೆಯಂತಹ ರಸತುಂಬಿದ ದಪ್ಪ ಎಲೆ ಈ ಕ್ರಮಕ್ಕೆ ಒಗ್ಗದು. ಅದನ್ನು ಹಸಿಯಾಗಿ ಬಳಸುವುದೇ ಲೇಸು.

ಎಲೆ ಒಣಗಿತೆಂದು ತಿಳಿಯುವುದು ಹೇಗೆ? ಬೆರಳುಗಳ ನಡುವೆ ಹಿಡಿದರೆ ಎಲೆ ಪುಡಿಯಾಗಬೇಕು. ಕಡ್ಡಿ ಬಾಗದೆ ಪಟ್ಟನೆ ಮುರಿಯಬೇಕು. ಬಳಿಕ ಗಾಜಿನ ಶೀಸೆಯಲ್ಲಿ ತುಂಬಿ, ಮುಚ್ಚಳವನ್ನು ಬಿಗಿದು, ಒಂದು ರಾತ್ರಿ ಇಟ್ಟು ನೋಡೋಣ. ಒಳಮೈಯಲ್ಲಿ ನೀರಿನ ಹನಿ ಕಂಡರೆ ಎಲೆ ಇನ್ನೂ ಹಸಿಯೆಂದೇ ಅರ್ಥ. ಹೊರತೆಗೆದು ಮತ್ತೆ ಒಣಗಿಸಬೇಕು. ಬೂಷ್ಟು ಹಿಡಿದ ಎಲೆಯನ್ನಂತೂ ನಿಸ್ಸಂಕೋಚವಾಗಿ ಎಸೆಯಬೇಕು. ಕೆಲವು ಬಗೆಯ ಬೂಷ್ಟಿನ ವಿಷವು ಕುದಿಸಿದರೂ ನಾಶವಾಗದು. ರೋಗಿಗೆಂದು ಕಾಸಿದ ಕಷಾಯವೇ ಅವನಿಗೆ ಕೇಡಾಗಬಾರದಷ್ಟೆ.

ನಮ್ಮ ನಗರಕ್ಕೆ ಇನ್ನೊಂದು ಎಚ್ಚರಿಕೆ ಅವಶ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿ ತೇವದಿಂದ ತುಂಬಿರುತ್ತದೆ. ಆಗ ಹಸಿ ಎಲೆ ಒಣಗುವುದಿರಲಿ, ಒಣಗಿದ ಎಲೆಯೇ ಗಾಳಿಯ ನೀರನ್ನು ಹೀರಿ ಮೆತ್ತಗಾಗುವುದು. ಆದುದರಿಂದ ಶೀಸೆಯನ್ನು ಕತ್ತಲೆಯ ಕಪಾಟಿನಲ್ಲಿಟ್ಟು, ಒಣ ಚಮಚದಿಂದ ಬೇಕಾದಷ್ಟನ್ನು ತೆಗೆದು, ಕೂಡಲೇ ಮುಚ್ಚಬೇಕು. ಎಲೆಯ ಹೆಸರನ್ನೂ ತುಂಬಿದ ದಿನವನ್ನೂ ಬರೆದು ಅಂಟಿಸಿ, ವರ್ಷದೊಳಗೆ ಬಳಸಿ ಮುಗಿಸುವುದು ಮೇಲು.

ಬೇಸಗೆಯ ರಜೆಗೆ ಊರಿಗೆ ಹೊರಡುವ ಮುನ್ನ ನಾವು ಒಂದೊಂದು ಶೀಸೆಯನ್ನಾದರೂ ತುಂಬಿಸಿಡೋಣ. ಶಾಲೆ ತೆರೆಯುವ ವೇಳೆಗೆ ಮಳೆಯೂ ಬಂದಿರುವುದು.