ಪೀಪಾಯಿಯ ನಲ್ಲಿಯೂ ಹತ್ತಡಿ ಕೊಳವೆಯೂ

ಜಯಪ್ರಕಾಶ ನಗರದ ಪಾನಗೃಹವೊಂದರಲ್ಲಿ ಸಂಜೆ ನಲ್ಲಿಯನ್ನು ತೆರೆದಾಗ ಲೋಟಕ್ಕೆ ಇಳಿಯಬೇಕಾದುದು ಹೊಂಬಣ್ಣದ ಬಿಯರ್. ಒಮ್ಮೊಮ್ಮೆ ಇಳಿಯುವುದು ಬರಿಯ ನೊರೆ! ಫಿಲ್ಟರ್ ಕಾಫಿಯ ನೊರೆಯನ್ನು ಮನಸಾರೆ ಮೆಚ್ಚುವ ದಕ್ಷಿಣ ಬೆಂಗಳೂರಿನಲ್ಲಿ ಈ ನೊರೆಗೆ ಮಾತ್ರ ಮನ್ನಣೆಯಿಲ್ಲ. ಎರಡು ಲೋಟ ಮೋರಿಗೆ ಹೋಗಿ ಒಂದು ಲೋಟ ಗಿರಾಕಿಯ ಕೈಸೇರಿದರೆ ವ್ಯಾಪಾರ ಉಳಿಯುವುದೆಂತು? ಯಜಮಾನನು ಜವೆಗೋಧಿಯನ್ನು ಶಂಕಿಸುತ್ತಾನೆ, ಯೀಸ್ಟನ್ನು ಶಂಕಿಸುತ್ತಾನೆ, ಕೆಲಸದ ಹುಡುಗನನ್ನು ಗದರುತ್ತಾನೆ. ಪೀಪಾಯಿಗೂ ನಲ್ಲಿಗೂ ನಡುವೆ ಸುರುಳಿ ಸುತ್ತಿಕೊಂಡು ಮಲಗಿರುವ ಕೊಳವೆಯ ಕಡೆಗೆ ಅವನ ದೃಷ್ಟಿ ಹರಿಯುವುದು ಕೊನೆಯಲ್ಲಿ.

ಈ ಊರಿಗೆ ಬಿಯರ್ ಹೊಸತಲ್ಲ. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ದಕ್ಷಿಣ ಭಾರತದ ಐದು ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಕಟ್ಟಿದ. ಆಗ ಬ್ರಿಟಿಷ್ ಸೈನಿಕರಿಗೆ ಬಿಯರ್ ಹೋಗುತ್ತಿದ್ದುದು ದೊಡ್ಡ ದೊಡ್ಡ ಪೀಪಾಯಿಗಳಲ್ಲಿ. ಇಂದು ಹವ್ಯಾಸಿಗಳ ನಚ್ಚಿನ ಪೀಪಾಯಿ 19 ಲೀಟರಿನ ಉಕ್ಕಿನ ಪಾತ್ರೆ. ಅಮೆರಿಕದ ಸೋಡಾ ಅಂಗಡಿಗಳಿಗೆ ಷರಬತ್ತಿನ ಪಾಕವನ್ನು ಹೊತ್ತು ತಿರುಗಿ, ಆ ಉದ್ಯೋಗ ತಪ್ಪಿದ ಮೇಲೆ ಅದು ಈ ವೃತ್ತಿಗೆ ಇಳಿಯಿತು. ಅಲ್ಲಿ ಮನೆಯ ಬಳಕೆಗೆಂದು ಬಿಯರ್ ತಯಾರಿಸಲು 1978ರ ಶಾಸನ ಹಾದಿಮಾಡಿಕೊಟ್ಟಿತು. ಅಲ್ಲಿ ನೆಲೆಸಿದ ಕನ್ನಡಿಗನೊಬ್ಬ ಈ ಹವ್ಯಾಸವನ್ನು ಜಯನಗರದ ತಂದೆಯ ಮನೆಗೂ ತರಬಯಸಿದರೆ, 1965ರ ಕರ್ನಾಟಕ ಅಬಕಾರಿ ಕಾಯಿದೆ ಅಡ್ಡ ನಿಲ್ಲುತ್ತದೆ. ಪರವಾನಗಿಯಿಲ್ಲದೆ ತಯಾರಿಸುವುದು ಇಲ್ಲಿ ಅಪರಾಧ. ತಂದೆಯ ಅಭಿಪ್ರಾಯವನ್ನು ಕೇಳುವ ಅವಶ್ಯಕತೆಯೇ ಬರುವುದಿಲ್ಲ.

ನೊರೆಯ ರಹಸ್ಯವನ್ನು ಗೋಲಿಸೋಡಾ ಒಡೆದವರೆಲ್ಲರೂ ಬಲ್ಲರು. ಒತ್ತಡದಲ್ಲಿ ಕರಗಿದ್ದ ಅನಿಲ, ಒತ್ತಡ ಥಟ್ಟನೆ ಕಳಚಿದೊಡನೆ ಹೊರನುಗ್ಗುತ್ತದೆ. ಪೀಪಾಯಿಯಲ್ಲಿರುವುದು ಚದರ ಅಂಗುಲಕ್ಕೆ 10ರಿಂದ 12 ಪೌಂಡು ಒತ್ತಡ. ಕಿರಿದಾದ ಉದ್ದನೆಯ ಕೊಳವೆ ಅದನ್ನು ಘರ್ಷಣೆಯಿಂದ ಮೆಲ್ಲಮೆಲ್ಲನೆ ನುಂಗಿ, ನಲ್ಲಿಯ ಬಾಯಲ್ಲಿ ದ್ರವವನ್ನು ಸೌಮ್ಯವಾಗಿ ಬಿಡುತ್ತದೆ. ಒಳವ್ಯಾಸ ಅಂಗುಲದ ಹದಿನಾರನೆಯ 3 ಭಾಗ. ಪುಸ್ತಕದ ಲೆಕ್ಕಕ್ಕೆ ನಾಲ್ಕೈದು ಅಡಿ ಸಾಕು. ಅನುಭವಿಗಳು ಮಾತ್ರ ಹತ್ತು ಅಡಿ ಹಾಕುತ್ತಾರೆ. ಅನುಭವಿಗಳನ್ನು ನಂಬುವುದೇ ಲೇಸು; ಉದ್ದವಾದುದನ್ನು ಕತ್ತರಿಸಬಹುದು, ಗಿಡ್ಡವಾದುದನ್ನು ಎಳೆಯಲಾಗದು.

ನಷ್ಟ ನೊರೆಯದಷ್ಟೇ ಅಲ್ಲ. ಕೊಳವೆಯ ಒಳಗೋಡೆಗೆ ಯೀಸ್ಟೂ ಕ್ಯಾಲ್ಸಿಯಂ ಆಕ್ಸಲೇಟಿನ ಕಲ್ಲೂ ಅಂಟುತ್ತವೆ. ಅವುಗಳ ಮರೆಯಲ್ಲಿ ಸೂಕ್ಷ್ಮಜೀವಿಗಳು ಬಿಡಾರ ಹೂಡಿ ಪಾನೀಯವನ್ನು ಹುಳಿಗೆಡಿಸುತ್ತವೆ. ಎರಡು ವಾರಕ್ಕೊಮ್ಮೆ ಕ್ಷಾರದ್ರಾವಣದಿಂದ ತೊಳೆಯಬೇಕು. ವಿನೈಲ್ ಕೊಳವೆಯನ್ನು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಕೊಳವೆಯ ದ್ರವ್ಯವೂ ಮುಖ್ಯ. ಹಿಂದೆ ಇಂಗ್ಲೆಂಡಿನ ಪಾನಗೃಹಗಳಲ್ಲಿ ಸೀಸದ ಕೊಳವೆಗಳಿದ್ದುವು. ರಾತ್ರಿಯಿಡೀ ಅವುಗಳಲ್ಲಿ ನಿಂತ ಬಿಯರನ್ನು ಬೆಳಗ್ಗೆ ಮೊದಲು ಕುಡಿದವನಿಗೆ ವಿಷವೂ ಪುಕ್ಕಟೆ. ಹೂದೋಟಕ್ಕೆ ನೀರು ಹಾಯಿಸುವ ಕೊಳವೆ ಅಗ್ಗವೆಂದು ಇಲ್ಲಿ ಜೋಡಿಸುವ ಜಾಣರು ಇದನ್ನು ನೆನೆಯಬೇಕು. ಆಹಾರಕ್ಕೆ ಯೋಗ್ಯವೆಂಬ ಗುರುತಿಲ್ಲದ ಕೊಳವೆ ಬೇಡ.

ಬದಲಿಸುವ ಕೆಲಸ ಅರ್ಧ ಗಂಟೆಯದು. ಮೊದಲು ಅನಿಲದ ಸಿಲಿಂಡರನ್ನು ಮುಚ್ಚಿ, ಪೀಪಾಯಿಯ ಕವಾಟವನ್ನೆತ್ತಿ ಒತ್ತಡವನ್ನು ಪೂರ್ತಿ ಹೊರಬಿಡಬೇಕು. ಇದನ್ನು ಮರೆತವನ ಮುಖಕ್ಕೆ ಅಭಿಷೇಕ ನಿಶ್ಚಿತ. ಹಳೆಯ ಕೊಳವೆಯನ್ನು ಜಗ್ಗಬಾರದು. ಬಿಗಿಪಟ್ಟಿಯನ್ನು ಸಡಿಲಿಸಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿದರೆ ಒಳಗಿನ ಮುಳ್ಳುತುದಿ ಉಳಿಯುತ್ತದೆ. ಹೊಸ ಕೊಳವೆಯನ್ನು ನೇರವಾಗಿ ಕತ್ತರಿಸಿ, ತುದಿಯನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಮೆತ್ತಗಾಗಿ ತಾನಾಗಿಯೇ ಒಳಸರಿಯುತ್ತದೆ. ಆಮೇಲೆ ಬಿಗಿಪಟ್ಟಿ. ಅಡುಗೆಮನೆಯ ಗ್ಯಾಸಿನ ಕೊಳವೆಗೆ ಗೃಹಿಣಿಯರು ಸೋಪಿನ ನೀರು ಸವರಿ ನೋಡುವರಲ್ಲವೆ? ಇಲ್ಲಿಯೂ ಅದೇ ಪರೀಕ್ಷೆ. ಗುಳ್ಳೆ ಎದ್ದರೆ ಮತ್ತೆ ಬಿಗಿಯಬೇಕು. ಮುಚ್ಚಿದ ಕೋಣೆಯಲ್ಲಿ ಸೋರುವ ಇಂಗಾಲದ ಡೈಆಕ್ಸೈಡು ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು; ಆದರೆ ಉಸಿರುಗಟ್ಟಿಸಬಲ್ಲದು.

ಕೊಳವೆಯನ್ನು ತೊಳೆದು ಜೋಡಿಸಿದ ಬಳಿಕ ಮೊದಲ ಅರ್ಧ ಲೋಟವನ್ನು ಚೆಲ್ಲಿಬಿಡಬೇಕು. ಅನಂತರ ಲೋಟವನ್ನು ವಾಲಿಸಿ ಹಿಡಿದು ನಲ್ಲಿಯನ್ನು ಒಮ್ಮೆಗೇ ಪೂರ್ತಿಯಾಗಿ ತೆರೆಯಬೇಕು. ಜಿಪುಣತನದಿಂದ ಅರ್ಧ ತೆರೆದರೆ, ಕೊಳವೆ ಎಷ್ಟೇ ಹೊಸದಾಗಿರಲಿ, ಮತ್ತೆ ಬರುವುದು ನೊರೆಯೇ.