ನಿಸ್ತಂತು ತೇವಾಂಶ ಮಾಪಕಗಳಿಗೆ ಕಿವಿ ಮಂದವಾದಾಗ

ಮಣ್ಣಿನ ತೇವಾಂಶವನ್ನು ಅಳೆದು ರೇಡಿಯೋ ಮೂಲಕ ಪಂಪ್‌ಮನೆಗೆ ತಿಳಿಸುವ ಮಾಪಕಗಳು ಹನಿ ನೀರಾವರಿಯ ಜಮೀನುಗಳಲ್ಲಿ ಈಗ ಬಳಕೆಗೆ ಬಂದಿವೆ. ಜಮೀನು ದೂರ ದೂರ ಹರಡಿದ್ದರೆ ಒಂದು ಘಟಕವು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸುದ್ದಿ ದಾಟಿಸುವ ‘ಮೆಶ್’ ಜಾಲವನ್ನು ಹಾಕುತ್ತಾರೆ. ಸಾಲಾಗಿ ನಿಂತು ಗೊಬ್ಬರದ ಬುಟ್ಟಿ ದಾಟಿಸುವ ಆಳುಗಳಂತೆಯೇ ಇದೂ. ನಡುವಿನ ಒಬ್ಬ ಕೈಬಿಟ್ಟರೆ ಅವನಾಚೆಯ ಬುಟ್ಟಿಗಳೆಲ್ಲ ಅಲ್ಲೇ ಉಳಿಯುತ್ತವೆ.

ಘಟಕ ಮೂಕವಾದರೆ ತಕ್ಷಣ ತಿಳಿಯುವುದಿಲ್ಲ. ಹಲವು ಸಲಕರಣೆಗಳಲ್ಲಿ ಕೊನೆಗೆ ಬಂದ ಅಂಕಿಯೇ ಮೊಬೈಲಿನ ಪರದೆಯ ಮೇಲೆ ನಿಂತಿರುತ್ತದೆ. ಮೂರು ದಿನದ ಹಿಂದಿನ ‘ತೇವ ಸಾಕು’ ಎಂಬುದನ್ನು ಇಂದಿನದೆಂದು ನಂಬಿ ನೀರು ನಿಲ್ಲಿಸಿದರೆ, ಹೂ ಕಟ್ಟುವ ಕಾಲದ ಬೆಳೆಗೆ ಆಗುವ ನಷ್ಟವನ್ನು ಹೇಳಬೇಕಾಗಿಲ್ಲ. ಆದ್ದರಿಂದ ಅಂಕಿಯನ್ನು ನೋಡುವ ಮೊದಲು ಅದು ಬಂದ ವೇಳೆಯನ್ನು ನೋಡಬೇಕು.

ಮೂಕವಾದ ಘಟಕಕ್ಕೆ ದೊಡ್ಡ ಆಂಟೆನಾ ಅಥವಾ ಶಕ್ತಿವರ್ಧಕ ಕೊಂಡು ತರುವುದು ಎಲ್ಲರೂ ಮೊದಲು ಮಾಡುವ ಕೆಲಸ. ಸ್ವಲ್ಪ ತಾಳಿ. ಜಾತ್ರೆಯಲ್ಲಿ ಮಗನ ಕೂಗು ನಿಮಗೆ ಕೇಳಿಸದಿದ್ದರೆ ಎರಡು ಕಾರಣಗಳಿರಬಹುದು: ಮಗ ದೂರದಲ್ಲಿದ್ದಾನೆ, ಇಲ್ಲವೆ ನಿಮ್ಮ ಪಕ್ಕದಲ್ಲೇ ತಮಟೆ ಬಾರಿಸುತ್ತಿದ್ದಾರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಯಾವುದು ಕಾರಣವೆಂದು ತಿಳಿಯಲು ಎರಡು ಅಂಕಿಗಳಿವೆ. ಒಂದು ಸಿಗ್ನಲ್ ಬಲ (ಆರ್.ಎಸ್.ಎಸ್.ಐ.), ಇನ್ನೊಂದು ಸಿಗ್ನಲ್ ಮತ್ತು ಗದ್ದಲದ ಅಂತರ (ಎಸ್.ಎನ್.ಆರ್.). ಸಲಕರಣೆ ಹಾಕಿಕೊಟ್ಟ ತಂತ್ರಜ್ಞರಿಂದ ಇವನ್ನು ತೋರಿಸಿಕೊಳ್ಳಿ. ಬಲವನ್ನು ಋಣ ಅಂಕಿಯಲ್ಲಿ ಬರೆಯುವುದರಿಂದ –90ಕ್ಕಿಂತ –120 ಬಹಳ ಕ್ಷೀಣವಾದದ್ದು. ಹೊಲಗಳಲ್ಲಿ ಹೆಚ್ಚಾಗಿ ಬಳಸುವ ‘ಲೋರಾ’ ವಿಧಾನದ ರಿಸೀವರ್‌ಗಳು ಅತಿ ನಿಧಾನದ ಕ್ರಮದಲ್ಲಿ ಸುಮಾರು –137ರವರೆಗೂ, ಅಂದರೆ ಗದ್ದಲಕ್ಕಿಂತ 20 ಡೆಸಿಬೆಲ್ ಕೆಳಗಿನ ಸದ್ದನ್ನೂ ಗ್ರಹಿಸಬಲ್ಲವು. ಬಲ –120ರ ಸುಮಾರಿಗೆ ಇಳಿದು ಅಂತರವೂ ಸೊನ್ನೆಗಿಂತ ಕೆಳಗಿದ್ದರೆ ದಾರಿಯಲ್ಲಿ ಅಥವಾ ಆಂಟೆನಾದಲ್ಲಿ ದೋಷವಿದೆ. ಬಲ –95 ಇದ್ದು ಅಂತರ ಮಾತ್ರ ಕೆಟ್ಟಿದ್ದರೆ ಅದು ತಮಟೆಯ ಕಾಟ.

ಮೊದಲು ದಾರಿಯನ್ನು ನೋಡೋಣ. ಕಬ್ಬು ನಾಟಿಯಾದಾಗ ಚೆನ್ನಾಗಿದ್ದ ಜಾಲವು ಆರು ತಿಂಗಳ ನಂತರ ಕೈಕೊಟ್ಟರೆ ಸಲಕರಣೆಯನ್ನು ದೂರಬೇಡಿ, ಬೆಳೆಯನ್ನು ನೋಡಿ. ನೀರು ತುಂಬಿದ ಎಲೆಗಳು ರೇಡಿಯೋ ಅಲೆಗಳನ್ನು ಹೀರುತ್ತವೆ. ಮಳೆ ಬಂದು ತೊಯ್ದಾಗ ಇನ್ನೂ ಹೆಚ್ಚು. ಕಣ್ಣಿಗೆ ಎದುರಿನ ಆಂಟೆನಾ ಕಂಡರೂ ಸಾಲದು. ಅಲೆಯು ದಾರದಂತೆ ಹೋಗದೆ ನಡುವೆ ಉಬ್ಬಿದ ಕದಿರಿನ ಆಕಾರದಲ್ಲಿ ಸಾಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ 865–867 ಮೆಗಾಹರ್ಟ್ಸ್ ಅಲೆಗಳಿಗೆ 1 ಕಿ.ಮೀ. ಅಂತರದ ನಡುಮಧ್ಯದಲ್ಲಿ, ನೋಟದ ಗೆರೆಯಿಂದ ಕೆಳಗೆ ಸುಮಾರು 18 ಅಡಿ ತೆರವಿರಬೇಕು. 10 ಅಡಿ ಕಬ್ಬಿನ ಮೇಲೆ ಇದನ್ನು ಕೂಡಿದರೆ ಎರಡೂ ತುದಿಗಳಲ್ಲಿ 28 ಅಡಿಯ ಕಂಬ ಬೇಕಾಗುತ್ತದೆ. ಅಷ್ಟು ಎತ್ತರ ಆಗದೆಂದರೆ ನಡುವೆ ಇನ್ನೊಂದು ಘಟಕ ನಿಲ್ಲಿಸುವುದೇ ಲೇಸು.

ಎತ್ತರಿಸುವಾಗಲೂ ಎಚ್ಚರ ಬೇಕು. ಘಟಕವನ್ನು ಕೆಳಗಿಟ್ಟು ಆಂಟೆನಾವನ್ನು ಮಾತ್ರ ಮೇಲೇರಿಸಿದರೆ, ಪೇಟೆಯಲ್ಲಿ ಸಿಗುವ ತೆಳು ಕೇಬಲ್ 10 ಮೀಟರಿನಲ್ಲೇ ಶಕ್ತಿಯ ಮೂರನೆಯ ಎರಡು ಭಾಗವನ್ನು ನುಂಗುತ್ತದೆ. ಬಂದ ಸಿಗ್ನಲ್ಲಿಗೂ ಇದೇ ಗತಿ. 6 ಡೆಸಿಬೆಲ್ ಹೋಯಿತೆಂದರೆ ಬಯಲಿನಲ್ಲೂ ಮುಟ್ಟುವ ದೂರ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಘಟಕವನ್ನೇ ಕಂಬದ ತುದಿಗೇರಿಸಿ ಮಾಪಕದ ತಂತಿಯನ್ನು ಕೆಳಗಿಳಿಸಿರಿ. ಕಂಬಕ್ಕೆ ಅರ್ಥಿಂಗ್ ಮಾಡಿಸುವುದನ್ನು ಮರೆಯಬಾರದು.

ಆಂಟೆನಾ ನಮ್ಮ ಅಲೆಗೆ ಹೊಂದುವಂಥದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ನೆಟ್ಟಗಿನ ಸರಳ ತಂತಿಯದಾದರೆ ಉದ್ದ ಸುಮಾರು 8.6 ಸೆಂ.ಮೀ. ಇರಬೇಕು, 433 ಮೆಗಾಹರ್ಟ್ಸಿನ ತಂತಿ ಇದರ ಇಮ್ಮಡಿ ಇರುತ್ತದೆ. ಕೊಳವೆಯೊಳಗಿನ ಆಂಟೆನಾದ ಉದ್ದ ನೋಡಿ ಏನೂ ಹೇಳಲಾಗದು. ಮಳೆಗಾಲದ ನಂತರ ಜೋಡಣೆಯ ತಿರುಪನ್ನು ಬಿಚ್ಚಿ ನೋಡಿ; ಹಸಿರು ಕಿಲುಬು ಕಂಡರೆ ಅದನ್ನು ಬದಲಿಸಿ, ನೀರು ಇಳಿಯದಂತೆ ರಬ್ಬರ್ ಪಟ್ಟಿ ಸುತ್ತಬೇಕು. ಆಂಟೆನಾ ತೆಗೆದ ಸ್ಥಿತಿಯಲ್ಲಿ ಘಟಕವನ್ನು ಚಾಲೂ ಮಾಡಕೂಡದು, ಪ್ರಸಾರದ ಭಾಗ ಸುಟ್ಟುಹೋಗಬಹುದು.

ಸಂಶಯ ಉಳಿದರೆ ಆ ಘಟಕವನ್ನು ಬಯಲಿಗೆ ತಂದು, ಚೆನ್ನಾಗಿರುವ ಘಟಕದಿಂದ ನೂರು ಮೀಟರ್ ದೂರದಲ್ಲಿಟ್ಟು ನೋಡಿ. ಅಲ್ಲಿ ಬಲ ಸರಿಯಿದ್ದರೆ ದೋಷ ದಾರಿಯದು. ಅಲ್ಲಿಯೂ ಕ್ಷೀಣವಾಗಿದ್ದರೆ ಎರಡರ ಆಂಟೆನಾಗಳನ್ನು ಅದಲು ಬದಲು ಮಾಡಿ. ದೋಷ ಆಂಟೆನಾದ ಜೊತೆಗೆ ಹೋಯಿತೋ, ಘಟಕದಲ್ಲೇ ಉಳಿಯಿತೋ ತಿಳಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಗೊಬ್ಬರ, ಬೀಜ, ನೀರು ಮೂರನ್ನೂ ಒಮ್ಮೆಗೇ ಬದಲಿಸಿದರೆ ಇಳುವರಿ ಯಾವುದರಿಂದ ಏರಿತೆಂದು ಹೇಳಲಾಗದಲ್ಲವೆ?

ಇನ್ನು ಗದ್ದಲದ ವಿಚಾರ. ಈ ಘಟಕ ಹೇಳುವುದು ಆಚೆಯವರಿಗೆ ಕೇಳಿಸುತ್ತದೆ, ಆಚೆಯವರು ಹೇಳುವುದು ಇದಕ್ಕೆ ಕೇಳಿಸುವುದಿಲ್ಲ ಎಂದಾದರೆ ಹೆಚ್ಚಾಗಿ ಇದೇ ಕಾರಣ. ಪಂಪಿನ ವೇಗ ನಿಯಂತ್ರಕ, ಸೌರ ಪಂಪಿನ ಪೆಟ್ಟಿಗೆ, ಅಗ್ಗದ ಚಾರ್ಜರ್, ಎಲ್ಇಡಿ ದೀಪ ಇವೆಲ್ಲ ರೇಡಿಯೋ ಗದ್ದಲ ಎಬ್ಬಿಸಬಲ್ಲವು. ಒಂದೊಂದಾಗಿ ಆರಿಸುತ್ತ ಎಸ್.ಎನ್.ಆರ್. ಅಂಕಿ ಸುಧಾರಿಸುವುದೇ ನೋಡಿ. ಪಂಪ್‌ಮನೆಯ ಪೆಟ್ಟಿಗೆಯ ಮಗ್ಗುಲಲ್ಲೇ ಆಂಟೆನಾ ಇದ್ದರೆ ಕೆಲವು ಮೀಟರ್ ಆಚೆ ಸರಿಸಿದರೂ ಗುಣ ಕಾಣುವುದುಂಟು.

ಹತ್ತಿರದ ಮೊಬೈಲ್ ಗೋಪುರ ಇನ್ನೂ ಬಲವಾದ ತಮಟೆ. ಗೋಪುರಗಳ 850ರ ಪಟ್ಟಿಯ ಪ್ರಸಾರ 869 ಮೆಗಾಹರ್ಟ್ಸ್‌ನಿಂದ ಆರಂಭವಾಗುತ್ತದೆ, ಅಂದರೆ ನಮ್ಮ ಅಲೆಯ ಬೇಲಿಗೆ ತಾಗಿಕೊಂಡೇ. ಅದರ ಅಬ್ಬರಕ್ಕೆ ರಿಸೀವರ್ ಕಿವುಡಾಗುತ್ತದೆ. ಇಲ್ಲಿ ಶಕ್ತಿವರ್ಧಕ ಹಾಕಿದರೆ ಗದ್ದಲವೂ ಅಷ್ಟೇ ವರ್ಧಿಸುತ್ತದೆ, ದುಡ್ಡು ದಂಡ. ಗೋಪುರಕ್ಕೆ ಕಟ್ಟಡ ಅಥವಾ ದಿಣ್ಣೆ ಮರೆಯಾಗುವ ಕಡೆಗೆ ಘಟಕವನ್ನು ಸ್ಥಳಾಂತರಿಸಬೇಕು. ಆಗದಿದ್ದಲ್ಲಿ ನಮ್ಮ ಅಲೆಯನ್ನಷ್ಟೇ ಒಳಬಿಡುವ ಶೋಧಕವನ್ನು, ಅಂದರೆ ‘ಬ್ಯಾಂಡ್‌ಪಾಸ್ ಫಿಲ್ಟರ್’ ಅನ್ನು, ಆಂಟೆನಾ ಮತ್ತು ಘಟಕದ ನಡುವೆ ಹಾಕಿಸಬೇಕು. ಕೊಳ್ಳುವಾಗ ಅದು 865–867ಕ್ಕೆ ತಯಾರಾದದ್ದೇ ಎಂದು ಕೇಳಿ. 915 ಮೆಗಾಹರ್ಟ್ಸಿಗೆ ಮಾಡಿದ ಫಿಲ್ಟರ್ ನಮ್ಮ ಸಿಗ್ನಲ್ಲನ್ನೇ ತಡೆದುಬಿಡುತ್ತದೆ.