ಹೈದರನಿಗೂ ಪುಣೆಗೂ ನಡುವೆ

ಮಾಯಕೊಂಡ ಎಂದರೆ ಇವತ್ತು ವಿಧಾನಸಭಾ ಕ್ಷೇತ್ರವೊಂದರ ಹೆಸರು. ಚಿಕ್ಕಜಾಜೂರಿನಿಂದ ದಾವಣಗೆರೆಗೆ ಬರುವಾಗ ಸಿಗುವ ಸಣ್ಣ ರೈಲು ನಿಲ್ದಾಣ. ಸುತ್ತ ಮೆಕ್ಕೆಜೋಳದ ಹೊಲ, ಬೋರ್‌ವೆಲ್ ನೆಚ್ಚಿಕೊಂಡ ಅಡಿಕೆ ತೋಟ. 1748ರ ಆಸುಪಾಸಿನಲ್ಲಿ ಚಿತ್ರದುರ್ಗದ ಹಿರೇಮದಕರಿ ನಾಯಕ ಹತನಾದದ್ದು ಇಲ್ಲಿಯೇ. ಕೊಂದವನು ಮಗ್ಗುಲ ಹರಪನಹಳ್ಳಿಯ ಸೋಮಶೇಖರ ನಾಯಕ. ಅವನ ಬೆನ್ನಿಗೆ ಬಿದನೂರು, ರಾಯದುರ್ಗ, ಸವಣೂರಿನ ಪಡೆಗಳಿದ್ದವು. ದುರ್ಗದ ಕಡೆ ನಿಂತವನು ಆರ್ಕಾಟಿನ ಗದ್ದುಗೆಗಾಗಿ ಅಲೆಯುತ್ತಿದ್ದ ಚಂದಾ ಸಾಹೇಬ.

ದುರ್ಗದ ಪತನ ಎಂದೊಡನೆ ನಮಗೆ ಓಬವ್ವನ ಒನಕೆ, ತ.ರಾ.ಸು. ಅವರ ‘ದುರ್ಗಾಸ್ತಮಾನ’ ನೆನಪಾಗುತ್ತವೆ. ಆದರೆ ಆ ಕಥೆಯ ಬೇರು ಮಾಯಕೊಂಡದಲ್ಲಿದೆ ಎಂದು ನನಗನಿಸುತ್ತದೆ. ಮಧ್ಯ ಕರ್ನಾಟಕದ ಸಣ್ಣ ಸಂಸ್ಥಾನಗಳೆಲ್ಲ ದೂರದ ದೊಡ್ಡವರಿಗಿಂತ ಪಕ್ಕದ ಸಣ್ಣವರಿಗೇ ಹೆಚ್ಚು ಹೆದರಿದವು.

ಈ ಸೀಮೆಗೆ ಇಂಥ ಇಕ್ಕಟ್ಟು ಹೊಸದೇನಲ್ಲ. ಉಚ್ಚಂಗಿಯ ಪಾಂಡ್ಯರು ಕಲ್ಯಾಣದ ಚಾಲುಕ್ಯರಿಗೂ ಹೊಯ್ಸಳರಿಗೂ ನಡುವೆ ಬಾಳಿದವರು. ಕೊನೆಗೆ ಇಮ್ಮಡಿ ಬಲ್ಲಾಳ ಅವರ ಕೋಟೆ ಹಿಡಿದ. ಹರಿಹರದ ಗುಡಿಯ ಅಂಗಳಕ್ಕೆ ಹೋದರೆ ಆಳೆತ್ತರದ ಶಾಸನಗಲ್ಲುಗಳು ಸಿಗುತ್ತವೆ. 1224ರಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅಲ್ಲಿಯೇ ದೇವಗಿರಿಯ ಸೇವುಣರ ಶಾಸನ ನಿಂತಿತು, ಮುಂದೆ ವಿಜಯನಗರದವರದು. ತುಂಗಭದ್ರೆಯ ದಡದ ಊರಿನವರು ಯಾರು ಬಂದರೂ ಕಂದಾಯ ಕಟ್ಟಬೇಕು, ದಂಡಿಗೆ ದವಸ ಕೊಡಬೇಕು.

1754ರಲ್ಲಿ ಪಟ್ಟಕ್ಕೆ ಬಂದ ಕೊನೆಯ ಮದಕರಿಯ ಪಾಡೂ ಇದೇ. ತೆಂಕಲಿಗೆ ಮೈಸೂರಿನ ಹೈದರ್ ಅಲಿ, ಬಡಗಲಿಗೆ ಪುಣೆಯ ಮರಾಠ ಪೇಶ್ವೆ. ಬಿದನೂರಿನ ಗದ್ದುಗೆ ತನ್ನದೆಂದು ಹೇಳಿಕೊಂಡು ಬಂದವನೊಬ್ಬನನ್ನು ಹೈದರನ ಬಳಿಗೆ ಮುಟ್ಟಿಸಿದವನು ಮದಕರಿಯೇ. 1763ರಲ್ಲಿ ಬಿದನೂರು ಹೈದರನ ಪಾಲಾಯಿತು. ಹಳೆಯ ವೈರಿಯ ಮನೆ ಹಾಳಾಯಿತೆಂದು ದುರ್ಗದಲ್ಲಿ ಆಗ ಸಂತೋಷಪಟ್ಟವರಿರಬಹುದು. ಆದರೆ ಬಿದನೂರಿನ ಬೊಕ್ಕಸ ಸಿಕ್ಕಿದ ಹೈದರ್ ಮೊದಲಿನ ಹೈದರನಾಗಿ ಉಳಿಯಲಿಲ್ಲ. 1770ರಲ್ಲಿ ಪೇಶ್ವೆ ಮಾಧವರಾಯ ನಿಜಗಲ್ಲಿನ ಕೋಟೆಗೆ ಮುತ್ತಿಗೆ ಹಾಕಿದಾಗ ಮದಕರಿಯ ಬೇಡ ಸೈನಿಕರು ಮರಾಠರ ಪರವಾಗಿ ಗೋಡೆ ಹತ್ತಿದರು.

ಹೀಗೆ ಪಕ್ಷ ಬದಲಿಸಿದ್ದನ್ನು ಚಂಚಲತೆ ಎಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ಕಾಲದಲ್ಲಿ ನೇಪಾಳದ ಪೃಥ್ವಿನಾರಾಯಣ ಶಾಹ ತನ್ನ ರಾಜ್ಯವನ್ನು ಎರಡು ಬಂಡೆಗಳ ನಡುವಿನ ಗೆಣಸಿಗೆ ಹೋಲಿಸಿದ್ದನಂತೆ. ಅವನ ಬೆನ್ನಿಗೆ ಹಿಮಾಲಯವಿತ್ತು. ಮದಕರಿಗಿದ್ದದ್ದು ಏಳು ಸುತ್ತಿನ ಕೋಟೆ, ಸುತ್ತ ಬಯಲು ಸೀಮೆ. ಯಾರ ಪಕ್ಷ ಹಿಡಿದರೂ ಇನ್ನೊಬ್ಬರ ದಂಡು ಬಾಗಿಲಿಗೆ ಬರುವುದು ಖಚಿತ. ತಪ್ಪು ಹುಡುಕುವುದಾದರೆ ಬಿದನೂರಿನ ವಿಷಯದಲ್ಲಿ ಹುಡುಕಬೇಕು.

1777ರಲ್ಲಿ ಹೈದರ್ ದುರ್ಗವನ್ನು ಮುತ್ತಿದ. ಮರಾಠರ ಸೈನ್ಯ ಹತ್ತಿರವಾಗುತ್ತಿದೆ ಎಂದು ತಿಳಿದು ಒಪ್ಪಂದ ಮಾಡಿಕೊಂಡು ಹೊರಟ. ಕರೆ ಬಂದರೂ ಮದಕರಿ ಅವನ ದಂಡಿಗೆ ಕೂಡಿಕೊಳ್ಳದೆ, ಮರಾಠರು ಗೆದ್ದಾರೆಂದು ಕಾದ. ಅವರು ಹಿಂದೆ ಸರಿದರು. 1779ರಲ್ಲಿ ಒಳಗಿನವರ ದ್ರೋಹದಿಂದ ಕೋಟೆ ಬಿತ್ತು. ಮದಕರಿಯ ಕುಟುಂಬ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋಯಿತು. ಬೇಡರ ಬಲ ಮುರಿಯಲೆಂದು 20,000 ಜನರನ್ನು ಅಲ್ಲಿಗೆ ಸಾಗಿಸಿ, ಹುಡುಗರನ್ನು ಸೆರೆಯಾಳುಗಳಿಂದ ಕಟ್ಟಿದ ಚೇಲಾ ಪಡೆಗಳಿಗೆ ಸೇರಿಸಿದರೆಂದು ಮೈಸೂರು ಗೆಜೆಟಿಯರ್‌ನಲ್ಲಿ ಬಿ.ಎಲ್. ರೈಸ್ ದಾಖಲಿಸಿದ್ದಾರೆ. ಅರಸನ ಸೆರೆಗಿಂತ ನನ್ನನ್ನು ಕಾಡುವುದು ಹೀಗೆ ಊರು ಬಿಟ್ಟವರ ಸಂಕಟ. ಅವರಿಗೆ ಯಾವ ಪಕ್ಷ ಹಿಡಿಯಬೇಕೆಂದು ಯಾರೂ ಕೇಳಿರಲಿಲ್ಲ.

ಜನರನ್ನು ಊರು ಬಿಡಿಸಿದ ಅದೇ ಹೈದರ್ ಇನ್ನೊಂದು ಊರು ಬೆಳೆಯಲು ಕಾರಣನೂ ಆದ. ದಾವಣಗೆರೆ ಆಗ ಬೇತೂರಿನ ಮಗ್ಗುಲ ಸಣ್ಣ ಹಳ್ಳಿ. ಹೈದರ್ ಅದನ್ನು ಅಪ್ಪಾಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅವನು ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. ಮುಂದೆ ಹತ್ತಿ ಗಿರಣಿಗಳ ಊರಾಗಿ ಬೆಳೆದ ಪೇಟೆ ಹುಟ್ಟಿದ್ದು ಹಾಗೆ.